ನಿಂತ ಬಂಡಿಯ ಚಳಿ

ಶೀತದೇಶಗಳಲ್ಲಿ ಮೋಟಾರುಬಂಡಿಯನ್ನು ಇಟ್ಟುಕೊಂಡವರು ಹೇಳಿಕೊಳ್ಳುವ ದೂರುಗಳಲ್ಲಿ ಒಂದು ಸ್ವಲ್ಪ ವಿಚಿತ್ರವಾದದ್ದು. ಬಂಡಿಯು ರಸ್ತೆಯಲ್ಲಿ ಓಡುತ್ತಿರುವಷ್ಟು ಹೊತ್ತೂ ಹೀಟರಿನಿಂದ ಹಿತವಾದ ಬಿಸಿಗಾಳಿ ಬರುತ್ತಿರುತ್ತದೆ. ಕೆಂಪುದೀಪದ ಮುಂದೆ ನಿಂತು ಇಂಜಿನ್ನು ಐಡ್ಲಿಂಗಿಗೆ ಇಳಿದ ಸ್ವಲ್ಪ ಹೊತ್ತಿನಲ್ಲಿಯೇ ಆ ಗಾಳಿಯು ಉಗುರುಬೆಚ್ಚಗಾಗಿ, ಆಮೇಲೆ ತಣ್ಣಗಾಗಿ, ಕೂತವರ ಕಾಲ್ಬೆರಳುಗಳಿಗೆ ಹೊರಗಿನ ಚಳಿಯನ್ನೇ ಊದತೊಡಗುತ್ತದೆ. ಹಸುರುದೀಪ ಹೊತ್ತಿ ಬಂಡಿ ಹೊರಟಿತೆಂದರೆ ಏನೂ ಆಗಿಲ್ಲವೆಂಬಂತೆ ಬಿಸಿಯು ಮರಳುತ್ತದೆ. ಇಂದಿನ ಮೆಕ್ಯಾನಿಕ್ಕರು ಇದಕ್ಕೆ ನಾಲ್ಕಾರು ಕಾರಣಗಳನ್ನು ಬೆರಳು ಮಡಿಸಿ ಎಣಿಸಿಬಿಡುತ್ತಾರೆ, ಅವು ಸರಿಯಾದವುಗಳೇ. ಆದರೆ ಈ ದೋಷವು ಒಂದು ಬಂಡಿಗೋ ಒಂದು ಕಾರ್ಖಾನೆಗೋ ಸೇರಿದ್ದಲ್ಲ. ತನ್ನದೆಂಬ ಒಲೆಯೊಂದಿಲ್ಲದೆ, ಇಂಜಿನ್ನು ಬೇಡವೆಂದು ಹೊರಚೆಲ್ಲುವ ಶಾಖವನ್ನೇ ನೆಚ್ಚಿ ಬದುಕುವ ಹೀಟರಿನ ಜನ್ಮಸ್ವಭಾವದಲ್ಲಿಯೇ ಇದರ ಬೇರು ಇದೆಯೆಂಬುದು ಅದರ ಚರಿತ್ರೆಯನ್ನು ನೋಡಿದವರಿಗೆ ಕಾಣದಿರದು.

ಮೋಟಾರುಬಂಡಿಯು ಹುಟ್ಟಿದಾಗ ಅದಕ್ಕೆ ಮಾಡೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಕುದುರೆಯ ಸಾರೋಟನ್ನು ಬಿಟ್ಟು ಅದನ್ನೇರಿದ ಅಮೆರಿಕದ ಉತ್ತರಪ್ರಾಂತ್ಯಗಳ ಜನರು ಸಾರೋಟಿನಲ್ಲಿ ಚಳಿಗೆ ಮಾಡುತ್ತಿದ್ದ ಉಪಚಾರವನ್ನೇ ಇಲ್ಲಿಯೂ ಮಾಡಿಕೊಂಡರು: ಕಾಡುಕೋಣದ ಚರ್ಮದ ಹೊದಿಕೆ, ಒಲೆಯಲ್ಲಿ ಕಾಯಿಸಿ ಬಟ್ಟೆಯಲ್ಲಿ ಸುತ್ತಿದ ಬಳಪದ ಕಲ್ಲು, ಇಟ್ಟಿಗೆ, ಬಿಸಿನೀರಿನ ಜಾಡಿ. ಷಿಕಾಗೋ ನಗರದ ಕಂಪೆನಿಯೊಂದು ಕ್ಲಾರ್ಕ್ ಹೀಟರ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ತಗಡಿನ ಪೆಟ್ಟಿಗೆಯು ಆ ಕಾಲದಲ್ಲಿ ಬಹಳ ಪ್ರಸಿದ್ಧವಾಗಿತ್ತು. ಮೇಲೆ ಜಮಖಾನದ ಹೊದಿಕೆ, ಒಳಗೆ ಎಳೆದು ತೆಗೆಯುವ ಅರೆ, ಆ ಅರೆಯೊಳಗೆ ನಿಧಾನವಾಗಿ ಕನಲುವ ಇದ್ದಿಲಿನ ಇಟ್ಟಿಗೆ. ಅದರ ಮೇಲೆ ಪಾದವನ್ನಿಟ್ಟು ಮೊಣಕಾಲಿನ ಮೇಲೆ ಕಂಬಳಿಯನ್ನು ಹೊದ್ದರೆ ಗಂಟೆಗಟ್ಟಲೆ ಪಯಣಿಸಬಹುದಾಗಿತ್ತು. ಈ ಉಪಕರಣಗಳನ್ನು ಇಂದು ನಾವು ನೋಡಿ ನಕ್ಕರೂ ಅವುಗಳಿಗೊಂದು ಗುಣವಿತ್ತೆಂಬುದನ್ನು ಮರೆಯಬಾರದು: ಬಂಡಿ ಓಡಲಿ, ನಿಲ್ಲಲಿ, ಕೆಟ್ಟು ಕೂರಲಿ, ಅವುಗಳ ಬಿಸಿಗೆ ಅದರ ಪರಿವೆಯೇ ಇರಲಿಲ್ಲ. ಹೀಟರಿನ ಬಿಸಿಯನ್ನು ಇಂಜಿನ್ನಿನ ಓಟಕ್ಕೆ ಕಟ್ಟಿಹಾಕಿದ್ದು ಆಮೇಲಿನ ಜಾಣತನ.

ಆ ಜಾಣತನಕ್ಕೆ ಸಂದರ್ಭ ಒದಗಿದ್ದು ಮುಚ್ಚಿದ ಬಂಡಿಗಳಿಂದ. 1919ರಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ನೂರಕ್ಕೆ ಸುಮಾರು 10 ಮಾತ್ರ ಗಾಜು ಬಾಗಿಲುಗಳಿಂದ ಪೂರ್ತಿ ಮುಚ್ಚಿದವಾಗಿದ್ದರೆ, 1927ರ ವೇಳೆಗೆ ಆ ಸಂಖ್ಯೆ 85ರ ಹತ್ತಿರಕ್ಕೆ ಬಂದಿತ್ತು. ಅದುವರೆಗೆ ಚಳಿಗಾಲ ಬಂತೆಂದರೆ ಕಾರಿನ ನೀರನ್ನು ಬಸಿದು, ಚಕ್ರಗಳ ಭಾರ ಇಳಿಯುವಂತೆ ದಿಮ್ಮಿಗಳ ಮೇಲೆ ಅದನ್ನು ಏರಿಸಿ, ವಸಂತದವರೆಗೆ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುತ್ತಿದ್ದ ಮನೆಯವರು, ಗೋಡೆಯುಳ್ಳ ಬಂಡಿ ಬಂದ ಮೇಲೆ ಜನವರಿಯಲ್ಲಿಯೂ ಅದನ್ನು ಹೊರಗೆ ತೆಗೆಯಬೇಕೆಂದು ಬಯಸಿದರು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನು ಇಟ್ಟುಕೊಳ್ಳುವುದು ಅಪಾಯ. ಬಂಡಿಯ ಮುಂಭಾಗದಲ್ಲಿಯೋ ಆಳೆತ್ತರದ ಬೆಂಕಿಗಿಂತ ಹೆಚ್ಚಿನ ಶಾಖ ಸುಮ್ಮನೆ ಗಾಳಿಪಾಲಾಗುತ್ತಿದೆ. ಪೆಟ್ರೋಲು ಉರಿದು ಹೊರಡುವ ಶಕ್ತಿಯಲ್ಲಿ ಚಕ್ರಗಳನ್ನು ತಿರುಗಿಸಲು ಒದಗುವುದು ಕಾಲು ಭಾಗವೋ ಮೂರರಲ್ಲೊಂದು ಪಾಲೋ. ಉಳಿದದ್ದೆಲ್ಲ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗತಕ್ಕದ್ದೇ. ಹಾಗೆ ಹೋಗುವುದನ್ನು ಸ್ವಲ್ಪ ಬಳಸಿಕೊಂಡು ಒಳಗೆ ಬಂದು ಹೋಗೆಂದರೆ ಖರ್ಚಿಲ್ಲದೆ ಬಿಸಿ ಸಿಕ್ಕಂತಾಯಿತು.

ಮೊದಲು ಕೈಹಾಕಿದ್ದು ಹೊಗೆಯ ಶಾಖಕ್ಕೆ. ಇಂಜಿನ್ನಿನ ಬಿಸಿಹೊಗೆ ಹೊರಬೀಳುವ ಎರಕದ ಕೊಳವೆಯ ಸುತ್ತ ತಗಡಿನ ಕವಚವೊಂದನ್ನು ಕಟ್ಟಿ, ಇಂಜಿನ್ನಿನ ಫ್ಯಾನು ಹಿಂದಕ್ಕೆ ತಳ್ಳುವ ಗಾಳಿಯನ್ನು ಆ ಕವಚದೊಳಗೆ ಹಾಯಿಸಿ, ಮುಂಗೋಡೆಯ ಒಂದು ತೂತಿನಿಂದ ಒಳಕ್ಕೆ ಬಿಡುವುದು ಅದರ ಕ್ರಮ. ಫೋರ್ಡಿನ ಟಿ ಮಾದರಿಗೂ ಅದರ ತರುವಾಯ ಬಂದ ಎ ಮಾದರಿಗೂ ಇಂಥ ಹೀಟರುಗಳನ್ನು ಅಂಗಡಿಗಳು ಧಾರಾಳವಾಗಿ ಮಾರಿದವು. ಗಾಳಿಯನ್ನು ತಳ್ಳತಕ್ಕದ್ದು ಇಂಜಿನ್ನಿನಿಂದಲೇ ತಿರುಗುವ ಫ್ಯಾನು. ಆದಕಾರಣ ಬಂಡಿ ನಿಂತು ಇಂಜಿನ್ನು ಮೆಲ್ಲಗಾಯಿತೆಂದರೆ ಕೊಳವೆ ಕಾದಿದ್ದರೂ ಅದರ ಬಿಸಿಯನ್ನು ಒಳಕ್ಕೆ ಹೊತ್ತು ತರುವವರಿಲ್ಲ. ನಿಂತಾಗ ಚಳಿ ಎಂಬ ದೂರಿನ ಮೊದಲ ಅವತಾರ ಇದು. ಇದಕ್ಕಿಂತ ದೊಡ್ಡ ದೋಷವೂ ಅದರಲ್ಲಿತ್ತು. ಕೊಳವೆಯ ಕೀಲು ಸ್ವಲ್ಪ ಸಡಿಲವಾದರೂ, ಎರಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ, ಬಿಸಿಗಾಳಿಯ ಜೊತೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಮುಚ್ಚಿದ ಬಂಡಿಯೊಳಕ್ಕೆ ಪ್ರವೇಶಿಸುತ್ತಿತ್ತು.

ಎರಡನೆಯದು ನೀರಿನ ಶಾಖ; ಇಂದಿಗೂ ನಡೆದುಬಂದಿರುವ ಪದ್ಧತಿ ಇದೇ. 1920ರ ದಶಕದ ಉತ್ತರಾರ್ಧದಿಂದೀಚೆಗೆ ಮಿನಿಯಾಪೊಲಿಸಿನ ಟ್ರಾಪಿಕ್-ಏರ್, ಇಂಡಿಯಾನಾ ಪ್ರಾಂತ್ಯದ ಆರ್ವಿನ್, ನ್ಯೂಯಾರ್ಕ್ ಪ್ರಾಂತ್ಯದ ಲಾಕ್‌ಪೋರ್ಟ್ ಊರಿನ ಹ್ಯಾರಿಸನ್ ಮೊದಲಾದ ಹೆಸರುಗಳ ಹೀಟರುಗಳು ಒಂದರ ಹಿಂದೊಂದರಂತೆ ಅಂಗಡಿಗೆ ಬಂದವು. ಚಾಲಕನ ಮುಂದಿನ ಹಲಗೆಯ ಕೆಳಗೆ, ಮುಂಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಒಂದು ದುಂಡನೆಯ ಡಬ್ಬಿ; ಅದರೊಳಗೆ ಒಂದು ಪುಟ್ಟ ರೇಡಿಯೇಟರು, ಅದರ ಹಿಂದೆ ವಿದ್ಯುತ್ತಿನ ಫ್ಯಾನು; ಇಂಜಿನ್ನಿನಿಂದ ಬಿಸಿನೀರು ತರುವ ಒಂದು ರಬ್ಬರು ಹೋಸು, ಹಿಂದಿರುಗಿಸುವ ಇನ್ನೊಂದು ಹೋಸು. ಗಾಳಿಯನ್ನು ಊದುವ ಕೆಲಸವು ಇಂಜಿನ್ನಿನ ಕೈತಪ್ಪಿ ಬ್ಯಾಟರಿಗೆ ಬಂದುದರಿಂದ ನಿಂತಾಗ ಗಾಳಿಯೇ ಇಲ್ಲವೆಂಬ ಹಳೆಯ ದೋಷ ನೀಗಿತು. ಆದರೆ ನೀರನ್ನು ತಿರುಗಿಸುವ ಕೆಲಸ ಇಂಜಿನ್ನಿನಲ್ಲಿಯೇ ಉಳಿಯಿತು; ಆದುದರಿಂದ ದೂರು ಸಾಯಲಿಲ್ಲ, ಗಾಳಿಯ ಮನೆಯನ್ನು ಬಿಟ್ಟು ನೀರಿನ ಮನೆಯನ್ನು ಹೊಕ್ಕಿತು.

ಈ ನೀರಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ, ಏಕೆಂದರೆ ರೋಗದ ಮರ್ಮವೆಲ್ಲ ಇಲ್ಲಿಯೇ ಇದೆ. ಟಿ ಮಾದರಿಯ ಮೊದಲ ಸುಮಾರು 2,500 ಬಂಡಿಗಳನ್ನು ಬಿಟ್ಟರೆ ಮಿಕ್ಕ ಲಕ್ಷಾಂತರ ಬಂಡಿಗಳಿಗೆ ವಾಟರ್ ಪಂಪೇ ಇರಲಿಲ್ಲ; ಕಾದ ನೀರು ಹಗುರವಾಗಿ ಮೇಲಕ್ಕೇರುವುದು, ತಣಿದ ನೀರು ಭಾರವಾಗಿ ಕೆಳಕ್ಕಿಳಿಯುವುದು ಎಂಬ ನಿಸರ್ಗನಿಯಮವೊಂದರಿಂದಲೇ ಅವುಗಳ ರೇಡಿಯೇಟರಿನಲ್ಲಿ ನೀರು ಸುತ್ತುತ್ತಿತ್ತು. ಇಷ್ಟು ಮೃದುವಾದ ಪ್ರವಾಹವು ಬಳಸುದಾರಿಯ ಇಕ್ಕಟ್ಟಾದ ಹೋಸುಗಳನ್ನು ಹೊಕ್ಕು ಹೀಟರಿನವರೆಗೂ ಹೋಗಿಬರುವುದು ಕಷ್ಟ. ಪಂಪುಳ್ಳ ಇಂಜಿನ್ನುಗಳು ಸಾಮಾನ್ಯವಾದ ಮೇಲೆಯೇ ನೀರಿನ ಹೀಟರಿಗೆ ನೆಲೆ ಸಿಕ್ಕಿತು. ಆದರೆ ಆ ಪಂಪು ಯಾವ ಜಾತಿಯದು? ಬೆಲ್ಟಿನಿಂದ ಇಂಜಿನ್ನಿಗೆ ಕಟ್ಟುಬಿದ್ದ, ರೆಕ್ಕೆಗಳ ಬೀಸಿನಿಂದ ನೀರನ್ನು ಹೊರಕ್ಕೆ ಎಸೆಯುವ ಕೇಂದ್ರಾಪಗಾಮಿ ಪಂಪು. ಅದು ತಳ್ಳುವ ನೀರಿನ ಮೊತ್ತವು ವೇಗವನ್ನು ಅನುಸರಿಸಿ ಏರಿಳಿದರೆ, ಅದರ ಒತ್ತಡವು ವೇಗದ ವರ್ಗವನ್ನು ಅನುಸರಿಸಿ ಏರಿಳಿಯುತ್ತದೆ. ಹೆದ್ದಾರಿಯಲ್ಲಿ ನಿಮಿಷಕ್ಕೆ 2,800 ಸುತ್ತು ತಿರುಗುತ್ತಿದ್ದ ಇಂಜಿನ್ನು ನಿಂತಾಗ 700ಕ್ಕೆ ಇಳಿದರೆ, ವೇಗವು ಕಾಲು ಭಾಗವಾದಾಗ ಒತ್ತಡವು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಹೀಟರು ಆರೋಗ್ಯವಾಗಿರುವಾಗ ಆ ಒಂದು ಪಾಲೇ ಸಾಕು. ದಾರಿಯಲ್ಲಿ ಸ್ವಲ್ಪ ಅಡಚಣೆ ಬಂದರೆ ಸಾಲದು. ನಿಂತಾಗ ಮಾತ್ರ ಕಾಣಿಸಿಕೊಂಡು ಓಡುವಾಗ ಮಾಯವಾಗುವ ದೋಷವೆಂದರೆ ಇದೇ.

ಹಾಗೆಂದು ಅಂದಿನ ಹೀಟರುಗಳು ಓಡುವಾಗಲಾದರೂ ಬೇಕಾದಷ್ಟು ಬಿಸಿಯನ್ನು ಕೊಡುತ್ತಿದ್ದವೆಂದು ಭಾವಿಸಬೇಕಾಗಿಲ್ಲ. ನೀರು ಹೆಪ್ಪುಗಟ್ಟಿ ಇಂಜಿನ್ನನ್ನು ಸೀಳದಿರಲೆಂದು ಜನರು ಅದಕ್ಕೆ ಮದ್ಯಸಾರವನ್ನು ಬೆರೆಸುತ್ತಿದ್ದರು. ಮದ್ಯಸಾರವು ನೀರಿಗಿಂತ ಎಷ್ಟೋ ಮೊದಲೇ ಕುದಿದು ಆವಿಯಾಗುವುದರಿಂದ, ಇಂಜಿನ್ನನ್ನು ಬೇಕೆಂದೇ ತಣ್ಣಗೆ ಓಡಿಸಬೇಕಾಗುತ್ತಿತ್ತು. ತಣ್ಣನೆಯ ಇಂಜಿನ್ನಿನಿಂದ ಬಿಸಿಯಾದ ಹೀಟರು ಎಲ್ಲಿಂದ ಬಂದೀತು? 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಿಂದ ಎಥಿಲೀನ್ ಗ್ಲೈಕಾಲ್ ದ್ರವವು ಪೇಟೆಗೆ ಬಂದು, ಕ್ರಮೇಣ ಅದು ರೂಢಿಗೆ ಬಿದ್ದ ಮೇಲೆ, ನೀರು ಹೆಚ್ಚು ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಹಿಡಿಯುವ ಥರ್ಮೋಸ್ಟಾಟುಗಳನ್ನು ಹಾಕುವುದು ಸಾಧ್ಯವಾಯಿತು. ಹೀಟರಿನ ಕೀರ್ತಿಯಲ್ಲಿ ಅರ್ಧದಷ್ಟು ಈ ಸಿಹಿಯಾದ ವಿಷದ್ರವಕ್ಕೆ ಸಲ್ಲಬೇಕಾದದ್ದು.

1938ರಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದ ನ್ಯಾಷ್ ಕಂಪೆನಿಯು ಮಾಡಿದ ಕೆಲಸವನ್ನು ನಾನು ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯದೆಂದು ಎಣಿಸುತ್ತೇನೆ. ಅದುವರೆಗಿನ ಹೀಟರುಗಳು ಬಂಡಿಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದವು. ಕೂತವರ ಉಸಿರಿನ ತೇವವೆಲ್ಲ ಗಾಜಿನ ಮೇಲೆ ಕೂತು ಮಂಜಾಗುತ್ತಿತ್ತು, ಬಾಗಿಲಿನ ಸಂದುಗಳಿಂದ ಚಳಿಯು ನುಸುಳುತ್ತಿತ್ತು. ನ್ಯಾಷ್ ಬಂಡಿಯ ಹೀಟರು ಹೊರಗಿನ ಗಾಳಿಯನ್ನು ಗಾಜಿನ ಬುಡದಿಂದ ಎಳೆದುಕೊಂಡು, ಸೋಸಿ, ಕಾಯಿಸಿ, ಫ್ಯಾನಿನ ಬಲದಿಂದ ಒಳಗೆ ತುಂಬಿತು. ಒಳಗಿನ ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದುದರಿಂದ ಸಂದುಗಳಲ್ಲಿ ಚಳಿ ಒಳಬರುವುದರ ಬದಲು ಬಿಸಿಯೇ ಹೊರಹೋಯಿತು. ಮರುವರ್ಷ ಅದಕ್ಕೆ ತಾನಾಗಿಯೇ ಉಷ್ಣತೆಯನ್ನು ಕಾಯ್ದುಕೊಳ್ಳುವ ಏರ್ಪಾಡನ್ನೂ ಸೇರಿಸಿ ವೆದರ್ ಐ ಎಂದು ಹೆಸರಿಟ್ಟರು. ಇಂದಿನ ಸಮಸ್ತ ಕಾರುಗಳ ಹೀಟರಿಗೂ ಅದು ಮೂಲಪುರುಷ. ಆದರೂ ಬಿಸಿನೀರನ್ನು ತಳ್ಳುವ ಪಂಪಿನ ವಿಷಯದಲ್ಲಿ ಅದು ಹಳೆಯ ದಾರಿಯನ್ನು ಬಿಡಲಿಲ್ಲ.

ಆ ದಾರಿಯನ್ನು ಬಿಟ್ಟದ್ದು ಸ್ಟೂವರ್ಟ್-ವಾರ್ನರ್ ಕಂಪೆನಿಯ ಸೌತ್ ವಿಂಡ್. 1930ರ ದಶಕದ ಉತ್ತರಾರ್ಧದಲ್ಲಿ ಬಂದ ಈ ಹೀಟರು ಇಂಜಿನ್ನಿನ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಕಾರ್ಬ್ಯುರೇಟರಿನಿಂದ ಬೊಗಸೆಯಷ್ಟು ಪೆಟ್ರೋಲನ್ನು ಎರವು ತಂದು, ತನ್ನದೇ ಆದ ಪುಟ್ಟ ಕುಲುಮೆಯಲ್ಲಿ ಉರಿಸಿ, ಬಂಡಿ ಹೊರಟ ಒಂದೆರಡು ನಿಮಿಷಗಳಲ್ಲಿಯೇ ಬಿಸಿಯನ್ನು ಕೊಡುತ್ತಿತ್ತು. ಉರಿದ ಅನಿಲವನ್ನು ಎಳೆದುಕೊಳ್ಳುತ್ತಿದ್ದುದು ಇಂಜಿನ್ನು ಗಾಳಿಯನ್ನು ಹೀರುವ ಕೊಳವೆಯ ನಿರ್ವಾತ. ಆ ನಿರ್ವಾತವು ಐಡ್ಲಿಂಗಿನಲ್ಲಿ ಪ್ರಬಲ, ಏರು ಹತ್ತುವಾಗ ಕ್ಷೀಣ. ಹೀಗಾಗಿ ಲೋಕದ ಹೀಟರುಗಳೆಲ್ಲ ನಿಂತಾಗ ತಣಿದರೆ ಇದೊಂದು ಗುಡ್ಡ ಹತ್ತುವಾಗ ತಣಿಯುತ್ತಿತ್ತೆಂಬುದು ತಮಾಷೆಯಾದರೂ ನಿಜ. ಕೂತ ಜಾಗದಲ್ಲಿಯೇ ಪೆಟ್ರೋಲಿನ ಬೆಂಕಿಯನ್ನು ಇಟ್ಟುಕೊಳ್ಳುವ ಧೈರ್ಯ ಎಲ್ಲರಿಗೂ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಆ ಕಂಪೆನಿಯ ಕುಲುಮೆಗಳು ವಿಮಾನಗಳಲ್ಲಿ ಚೆನ್ನಾಗಿ ದುಡಿದವು, ಯುದ್ಧಾನಂತರ ಕಾರುಗಳಲ್ಲಿ ನೀರಿನ ಹೀಟರೇ ಗೆದ್ದಿತು.

ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಬಂಡಿಗೆ ಆ ಆಯ್ಕೆಯೂ ಇರಲಿಲ್ಲ, ಏಕೆಂದರೆ ಅದರ ಇಂಜಿನ್ನು ಗಾಳಿಯಿಂದಲೇ ತಣಿಯತಕ್ಕದ್ದು. ಕಾಯಿಸಲು ನೀರೇ ಇಲ್ಲ. ಹಿಂಬದಿಯ ಇಂಜಿನ್ನಿನ ಮೇಲೆ ಹಾದ ಬಿಸಿಗಾಳಿಯನ್ನೂ, 1960ರ ದಶಕದ ಆದಿಯಿಂದೀಚೆಗೆ ಹೊಗೆಕೊಳವೆಗಳ ಸುತ್ತಲಿನ ಶಾಖಪೆಟ್ಟಿಗೆಗಳಲ್ಲಿ ಕಾದ ಗಾಳಿಯನ್ನೂ, ಬಂಡಿಯ ಅಂಚಿನ ಉದ್ದದ ತಗಡಿನ ಕಾಲುವೆಗಳಲ್ಲಿ ಮುಂದಕ್ಕೆ ಹಾಯಿಸುವುದು ಅದರ ಕ್ರಮ. ಗಾಳಿಯನ್ನು ತಳ್ಳುವ ಫ್ಯಾನು ಪುನಃ ಇಂಜಿನ್ನಿನ ಬೆಲ್ಟಿಗೇ ಸೇರಿದ್ದು. ಆದಕಾರಣ ಊರೊಳಗಿನ ಸಂಚಾರದಲ್ಲಿ ನಿಂತು ನಿಂತು ಹೋಗುವ ಬೀಟಲಿನಲ್ಲಿ, ಫೋರ್ಡಿನ ಕಾಲದ ಮೊದಲ ದೂರು ಕೆಲವು ದಶಕ ತಡವಾಗಿ ಇನ್ನೊಮ್ಮೆ ಹುಟ್ಟಿತು. ತಗಡಿನ ಕಾಲುವೆಗೆ ತುಕ್ಕು ಹಿಡಿದರಂತೂ ಕೇಳುವಂತಿಲ್ಲ. ಗಾಜಿನ ಒಳಮೈಯ ಮಂಜುಗಡ್ಡೆಯನ್ನು ಚಾಲಕನು ಓಡಿಸುತ್ತಲೇ ಕೆರೆದುಕೊಳ್ಳುತ್ತಿದ್ದನು. ಅನುಕೂಲಸ್ಥರು ಎಬರ್‌ಸ್ಪೇಷರ್ ಕಂಪೆನಿಯ ಪೆಟ್ರೋಲ್ ಹೀಟರನ್ನು ಬೇರೆಯಾಗಿ ಹಾಕಿಸಿಕೊಂಡರು.

ಬ್ರಿಟನ್ನಿನಲ್ಲಿ 1950ರ ದಶಕದಲ್ಲಿಯೂ ಹೀಟರೆಂಬುದು ಹೆಚ್ಚಿನ ಹಣ ತೆತ್ತು ಕೊಳ್ಳಬೇಕಾದ ಭೋಗವಸ್ತುವಾಗಿತ್ತು. ಅಮೆರಿಕದಲ್ಲಿ 1968ರ ಜನವರಿ 1ರಿಂದ ಮುಂಗಾಜಿನ ಮಂಜನ್ನು ಕರಗಿಸುವ ಏರ್ಪಾಡು ಪ್ರತಿಯೊಂದು ಹೊಸ ಕಾರಿನಲ್ಲಿಯೂ ಇರಲೇಬೇಕೆಂದು ಕಾನೂನಾಯಿತು. ಅಲ್ಲಿಂದೀಚೆಗೆ ಹೀಟರಿಲ್ಲದ ಕಾರೆಂಬುದು ಆ ದೇಶದಲ್ಲಿ ಇಲ್ಲವೆಂದೇ ಹೇಳಬಹುದು. ನಮ್ಮ ಕನ್ನಡನಾಡಿನಲ್ಲಿ ಇದರ ಅಗತ್ಯ ಕಾಣುವುದು ಕೊಡಗಿನ ಅಥವಾ ಬಾಬಾಬುಡನ್‌ಗಿರಿಯ ಮಂಜಿನ ಬೆಳಗುಗಳಲ್ಲಿ, ಅದೂ ಗಾಜನ್ನು ಒರೆಸಿಕೊಳ್ಳುವಷ್ಟಕ್ಕೆ ಮಾತ್ರ. ಆದರೆ ಮಿನೆಸೋಟ, ಮಿಷಿಗನ್, ಟೊರಾಂಟೋಗಳಲ್ಲಿ ಮನೆಮಾಡಿರುವ ನಮ್ಮವರಿಗೆ ಇದು ದಿನನಿತ್ಯದ ಪ್ರಶ್ನೆ.

ಹಾಗಾದರೆ ರೋಗವನ್ನು ಪತ್ತೆಮಾಡುವ ಬಗೆ ಹೇಗೆ? ಮೊದಲನೆಯದಾಗಿ ಒಂದು ಭ್ರಮೆಯನ್ನು ತೊಡೆಯಬೇಕು. ನಿಂತಾಗ ಇಂಜಿನ್ನು ಕಡಿಮೆ ಉರಿಸುವುದರಿಂದ ಹೀಟರು ತಣಿಯುವುದು ಸಹಜವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಸಾಧಾರಣ ಗಾತ್ರದ ಇಂಜಿನ್ನು ಐಡ್ಲಿಂಗಿನಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಪೆಟ್ರೋಲನ್ನು ಉರಿಸುತ್ತದೆ. ಅದರಲ್ಲಿ ನೀರಿಗೆ ಸೇರುವ ಪಾಲು ಒಂದು ಕೋಣೆಯನ್ನು ಬೆಚ್ಚಗಿಡುವ ಎರಡು ಮೂರು ವಿದ್ಯುತ್ ಹೀಟರುಗಳಿಗೆ ಸಮ. ಕಡುಚಳಿಯ ರಾತ್ರಿಗಳನ್ನು ಬಿಟ್ಟರೆ ಅಷ್ಟು ಸಾಕು. ಆದಕಾರಣ ಒಳ್ಳೆಯ ಸ್ಥಿತಿಯಲ್ಲಿರುವ ಬಂಡಿ ನಿಂತೊಡನೆ ಚಳಿಯನ್ನು ಊದಿದರೆ ಅಲ್ಲಿ ದೋಷವಿದೆಯೆಂದೇ ತಿಳಿಯತಕ್ಕದ್ದು. ಆ ದೋಷವು ಬಹುಮಟ್ಟಿಗೆ ಥರ್ಮೋಸ್ಟಾಟಿನದೂ ಅಲ್ಲ. ಥರ್ಮೋಸ್ಟಾಟು ತೆರೆದುಕೊಂಡೇ ಕಚ್ಚಿಕೊಂಡಿದ್ದರೆ, ಎದುರುಗಾಳಿ ರೇಡಿಯೇಟರಿಗೆ ಬಡಿಯುವ ಹೆದ್ದಾರಿಯಲ್ಲಿಯೇ ಬಿಸಿ ಕುಗ್ಗುತ್ತದೆ, ಉಷ್ಣತೆಯ ಮುಳ್ಳೂ ಕೆಳಗೇ ಇರುತ್ತದೆ. ನಿಂತಾಗ ಕುಗ್ಗಿ ಓಡುವಾಗ ಏರುವುದು ಪ್ರವಾಹದ ದೋಷಕ್ಕೆ ಕುರುಹು.

ಪ್ರವಾಹದ ದೋಷಗಳಲ್ಲಿ ಅಗ್ರಸ್ಥಾನ ನೀರಿನ ಕೊರತೆಗೆ. ಹೀಟರಿನ ಪುಟ್ಟ ರೇಡಿಯೇಟರು ಕಾಲುವೆಯ ಕೊನೆಯ ಗದ್ದೆಯಿದ್ದಂತೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುವಾಗ ಅದಕ್ಕೂ ಪಾಲು ಬರುತ್ತದೆ, ಒಂದು ಗೇಣು ಇಳಿಯಿತೆಂದರೆ ಮೊದಲು ಒಣಗುವುದು ಅದೇ. ಅನೇಕ ಬಂಡಿಗಳಲ್ಲಿ ಅದು ಇಂಜಿನ್ನಿನ ಮೇಲ್ಮಟ್ಟದಲ್ಲಿ ಕೂತಿರುವುದರಿಂದ, ಕಡಿಮೆಯಾದ ನೀರಿನ ಜಾಗಕ್ಕೆ ಬಂದ ಗಾಳಿಯು ಅಲ್ಲಿಯೇ ಸೇರಿಕೊಳ್ಳುತ್ತದೆ. ಮೆಕ್ಯಾನಿಕ್ಕರು ಏರ್ ಹಿಡಿದಿದೆ ಎನ್ನುವುದು ಇದನ್ನೇ. ಇಂಜಿನ್ನಿಗೆ ರೇಸ್ ಕೊಟ್ಟಾಗ ಪಂಪಿನ ಒತ್ತಡವು ಆ ಗಾಳಿಯನ್ನು ಒತ್ತರಿಸಿ ನೀರನ್ನು ಏರಿಸುತ್ತದೆ, ಕಾಲು ತೆಗೆದೊಡನೆ ನೀರು ಇಳಿಯುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಬಂಡಿಯ ಮೂತಿಯನ್ನು ಸ್ವಲ್ಪ ಎತ್ತಿ, ಗಾಳಿ ಬಿಡುವ ತಿರುಪಿದ್ದರೆ ಅದನ್ನು ಸಡಿಲಿಸಿ, ಆ ಗಾಳಿಯನ್ನು ಹೊರಡಿಸಿ ನೀರು ತುಂಬುವುದು ಇದಕ್ಕೆ ಚಿಕಿತ್ಸೆ. ಆದರೆ ನೀರು ಎಲ್ಲಿ ಹೋಯಿತೆಂದು ಕೇಳದೆ ಬರಿದೇ ತುಂಬುವವನು ಅರ್ಧ ವೈದ್ಯ. ಹೋಸಿನ ಕೀಲು ಸೋರುತ್ತಿರಬಹುದು, ಪಂಪಿನ ಸೀಲು ಜಿನುಗುತ್ತಿರಬಹುದು. ಇವೆರಡೂ ಅಲ್ಲದೆ ತುಂಬಿದಷ್ಟೂ ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ, ನೀರಿನ ತೊಟ್ಟಿಯಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ, ಇಂಜಿನ್ನಿನ ತಲೆಯ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ ಉರಿದ ಅನಿಲವೇ ನೀರಿಗೆ ನುಗ್ಗುತ್ತಿದೆಯೆಂದು ಶಂಕಿಸಬೇಕು. ಆಗ ತಡಮಾಡುವುದು ಇಂಜಿನ್ನಿಗೇ ಮೃತ್ಯು.

ನೀರು ಸರಿಯಾಗಿದ್ದರೆ ಹೀಟರಿನ ಎರಡು ಹೋಸುಗಳನ್ನೂ ಎಚ್ಚರಿಕೆಯಿಂದ ಮುಟ್ಟಿನೋಡತಕ್ಕದ್ದು. ಎರಡೂ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ದೋಷ ನೀರಿನದಲ್ಲ, ಒಳಗಿನ ಗಾಳಿಯನ್ನು ತಿರುಗಿಸುವ ಬಾಗಿಲಿನದು. ಒಂದು ಸುಡುವಂತಿದ್ದು ಇನ್ನೊಂದು ತಣ್ಣಗಿದ್ದರೆ ಪುಟ್ಟ ರೇಡಿಯೇಟರಿನ ನಾಳಗಳು ಕಟ್ಟಿಕೊಂಡಿವೆ. ಹೀಗೆ ಕಟ್ಟಿಕೊಳ್ಳುವುದಕ್ಕೆ ಕಾಲವೊಂದೇ ಕಾರಣವಲ್ಲ. ಸೋರುವ ರೇಡಿಯೇಟರಿಗೆ ಸಾಸಿವೆಯ ಪುಡಿಯನ್ನೋ ಮೆಣಸಿನ ಪುಡಿಯನ್ನೋ ಮೊಟ್ಟೆಯ ಬಿಳಿಯನ್ನೋ ಸುರಿಯುವ ಉಪಾಯವು ಅಮೆರಿಕದ ರೈತರಲ್ಲಿ ಬಹುಕಾಲ ರೂಢಿಯಲ್ಲಿತ್ತು. ಇಂದಿನ ಸೋರಿಕೆ ನಿಲ್ಲಿಸುವ ಪುಡಿಗಳು ಆ ಸಾಸಿವೆಯ ವಂಶದವೇ. ದೊಡ್ಡ ತೂತನ್ನು ಮುಚ್ಚುವ ಪುಡಿಯು ಹೀಟರಿನ ಸಣ್ಣ ನಾಳವನ್ನು ಕಂಡು ಸುಮ್ಮನೆ ಹೋಗುತ್ತದೆಯೇ? ಅದನ್ನು ಸುರಿದು ರೇಡಿಯೇಟರಿನ ಖರ್ಚನ್ನು ಉಳಿಸಿದೆನೆಂದುಕೊಂಡವನು ಅದನ್ನು ಹೀಟರಿನ ಲೆಕ್ಕದಲ್ಲಿ ತೆರುತ್ತಾನೆ. ಕಟ್ಟಿಕೊಂಡದ್ದನ್ನು ಹೊರಬರುವ ಹೋಸಿನ ಕಡೆಯಿಂದ ಹಿಮ್ಮೊಗವಾಗಿ, ಮಂದವಾದ ಒತ್ತಡದಲ್ಲಿ ನೀರು ಹಾಯಿಸಿ ತೊಳೆದರೆ ಎಷ್ಟೋ ವೇಳೆ ಬಿಟ್ಟುಕೊಳ್ಳುತ್ತದೆ. ಇದಾವುದೂ ಅಲ್ಲದಿದ್ದರೆ ಪಂಪಿನ ಸರದಿ: ಅದರ ರೆಕ್ಕೆಗಳು ತುಕ್ಕಿನಿಂದ ಸವೆದಿರಬಹುದು, ಪ್ಲಾಸ್ಟಿಕ್ಕಿನವಾದರೆ ಸೀಳಿ ಜಾರುತ್ತಿರಬಹುದು, ಬೆಲ್ಟು ಸಡಿಲವಾಗಿರಬಹುದು.

ಈ ದೂರಿಗೆ ಮೂಲೋಚ್ಛೇದನದ ಔಷಧವೂ ಬಹಳ ಹಿಂದೆಯೇ ಗೊತ್ತಿತ್ತು. ಹೀಟರಿನ ನೀರಿಗೆ ವಿದ್ಯುತ್ತಿನಿಂದ ತಿರುಗುವ ಒಂದು ಪ್ರತ್ಯೇಕ ಪುಟ್ಟ ಪಂಪನ್ನು ಕೊಟ್ಟರೆ ಇಂಜಿನ್ನಿನ ವೇಗಕ್ಕೂ ಹೀಟರಿಗೂ ಸಂಬಂಧವೇ ಕಡಿಯುತ್ತದೆ. ಮರ್ಸಿಡಿಸ್-ಬೆನ್ಜ್ ತನ್ನ ದೊಡ್ಡ ಬಂಡಿಗಳಿಗೆ ಇಂಥ ಪಂಪನ್ನು ದಶಕಗಳ ಹಿಂದೆಯೇ ಜೋಡಿಸಿತ್ತು. ಆ ಪುಟ್ಟ ಉಪಕರಣವನ್ನು ಸಾಮಾನ್ಯರ ಬಂಡಿಗೆ ಹೆಚ್ಚಿನವರು ಕೊಡಲಿಲ್ಲವೆಂಬುದು ಕಾರ್ಖಾನೆಗಳ ಲೆಕ್ಕಾಚಾರಕ್ಕೆ ಶೋಭೆ ತರುವ ಮಾತಲ್ಲ. ಇಂಜಿನ್ನನ್ನೇ ಆಗಾಗ ನಿಲ್ಲಿಸುವ ಹೈಬ್ರಿಡ್ ಕಾರುಗಳು ಬಂದಾಗ ಬೇರೆ ಗತಿಯಿಲ್ಲದೆ ಅದು ಅವುಗಳಿಗೂ ಬಂತು. ಟೊಯೊಟಾ ಪ್ರಿಯಸ್ಸಿನ ಎರಡನೆಯ ಪೀಳಿಗೆಯಲ್ಲಿ ಸುಮಾರು 3 ಲೀಟರು ಬಿಸಿ ಕೂಲೆಂಟನ್ನು ಕಾಪಿಡುವ ಥರ್ಮಾಸ್ ಫ್ಲಾಸ್ಕೊಂದನ್ನೇ ಇಟ್ಟಿದ್ದರು. ಇನ್ನು ಬ್ಯಾಟರಿಯ ಕಾರಿಗಂತೂ ಐಡ್ಲಿಂಗೂ ಇಲ್ಲ, ಮಿಗುವ ಶಾಖವೂ ಹೆಚ್ಚಿಲ್ಲ. ಬಿಸಿಗೆ ತಗಲುವ ಶಕ್ತಿಯನ್ನು ಅಲ್ಲಿ ಓಟದ ದೂರದಲ್ಲಿ ಕಳೆದು ಕೊಡಬೇಕಾಗಿದೆ.

ಹಳೆಯ ಬಂಡಿಯನ್ನಿಟ್ಟುಕೊಂಡು ಶೀತದೇಶದಲ್ಲಿರುವ ಓದುಗರಿಗೆ ಎರಡು ಮಾತು. ನೀರಿನ ಮಟ್ಟವನ್ನು ಚಳಿ ಬೀಳುವ ಮುನ್ನವೇ, ಇಂಜಿನ್ನು ಪೂರ್ತಿ ತಣಿದಿರುವಾಗಲೇ ನೋಡಿಕೊಳ್ಳಿ. ಕಾದ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದರೆ ಒತ್ತಡದಲ್ಲಿರುವ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎರಡನೆಯದು, ಹೀಟರು ಚೆನ್ನಾಗಿರುವವರಿಗೇ ಹೇಳತಕ್ಕದ್ದು. 1978ರ ಫೆಬ್ರವರಿಯ ಹಿಮಪಾತದಲ್ಲಿ ಬಾಸ್ಟನ್ ಸುತ್ತಲಿನ ಹೆದ್ದಾರಿಯಲ್ಲಿ ಸಾವಿರಾರು ಕಾರುಗಳು ಹೂತುಹೋದಾಗ, ಬಿಸಿಗಾಗಿ ಇಂಜಿನ್ನನ್ನು ಓಡಿಸಿಕೊಂಡೇ ಕೂತಿದ್ದವರಲ್ಲಿ ಕೆಲವರು ಚಳಿಯಿಂದಲ್ಲ, ಹಿಮದಿಂದ ಮುಚ್ಚಿದ ಹೊಗೆಕೊಳವೆಯಿಂದ ಒಳಕ್ಕೆ ತಿರುಗಿದ ವಿಷವಾಯುವಿನಿಂದ ಸತ್ತರು. ಹಿಮದಲ್ಲಿ ಸಿಕ್ಕಿಕೊಂಡಾಗ ಇಂಜಿನ್ನನ್ನು ಹೊತ್ತಿಸುವ ಮೊದಲು ಇಳಿದು ಹೋಗಿ ಹೊಗೆಕೊಳವೆಯ ಬಾಯಿಂದ ಹಿಮವನ್ನು ತೆಗೆಯಿರಿ. ಆಮೇಲೂ ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಿ.